ಒಲೆ ಕಟ್ಟಿಸಿದರೆ ಹೊಣೆ ಮುಗಿಯಿತೇ?

ದಾನ ಕೊಟ್ಟವನ ಹೊಣೆ ಎಲ್ಲಿಗೆ ಮುಗಿಯುತ್ತದೆ? ಕೊಟ್ಟ ಕ್ಷಣಕ್ಕೇ ಮುಗಿಯುತ್ತದೆಯೇ, ಅಥವಾ ಕೊಟ್ಟ ವಸ್ತು ಪಡೆದವರ ಕೆಲಸಕ್ಕೆ ಬರುವವರೆಗೂ ಉಳಿದಿರುತ್ತದೆಯೇ? ಪ್ರಿಯ ಓದುಗರೇ, ಇದು ಪಾಠದ ಕೋಣೆಯಲ್ಲಿ ಚರ್ಚಿಸಿ ಬಿಟ್ಟುಬಿಡುವ ಪ್ರಶ್ನೆಯೆಂದು ನಾನು ಬಹುಕಾಲ ಭಾವಿಸಿದ್ದೆ. ಹಾಗಲ್ಲ ಎಂಬುದನ್ನು ನನಗೆ ಕಲಿಸಿದ್ದು ಒಂದು ಒಲೆ.

ಬೆಂಗಳೂರಿನ ದಂಡು ಪ್ರದೇಶದ ರಿಚರ್ಡ್ಸ್ ಟೌನಿನಲ್ಲಿ ನಾನು ಮಕ್ಕಳಿಗೆ ಪಾಠ ಹೇಳಲು ಹೋಗುವ ಒಂದು ಹಳೆಯ ಮನೆಯಿದೆ. ಅದರ ಹಿತ್ತಲಿನ ಬಚ್ಚಲಲ್ಲಿ ತಾಮ್ರದ ಹಂಡೆ ಹೂತಿಟ್ಟ ಒಲೆ ಇನ್ನೂ ಹಾಗೆಯೇ ಇದೆ. ಒಂದು ಕಾಲಕ್ಕೆ ಆ ಮನೆಯ ಎಲ್ಲರ ಸ್ನಾನಕ್ಕೂ ವುಝೂಗೂ ನೀರು ಕಾಯುತ್ತಿದ್ದುದು ಅಲ್ಲೇ. ಸೌದೆ ಡಿಪೋದಿಂದ ಗಾಡಿಯಲ್ಲಿ ಸೌದೆ ಬರುತ್ತಿತ್ತು. ಹೊತ್ತಿಗೆ ಮುಂಚೆ ಎದ್ದು ಅದನ್ನು ಹೊತ್ತಿಸಲು ಆಳು ಇದ್ದ. ಈಗ ಸೋಲಾರ್ ಬಂದಿದೆ, ಮೋಡ ಕವಿದ ದಿನಕ್ಕೆ ಗೀಸರ್ ಇದೆ. ಹಂಡೆಯೊಳಗೆ ಯಾರೋ ಹೂವಿನ ಗಿಡ ನೆಟ್ಟಿದ್ದಾರೆ.

ಒಂದು ಸಂಜೆ ಮಗ್ರಿಬ್ ನಮಾಝಿನ ನಂತರ ಆ ಮನೆಯ ಹಿರಿಯರಾದ ಹಾಜಿ ಸಾಹೇಬರು ನನ್ನನ್ನು ಕೂರಿಸಿಕೊಂಡು ಕೇಳಿದರು: "ಹಜ್ರತ್, ಮಾಗಡಿ ಕಡೆ ನಮ್ಮ ತೋಟ ಇದೆಯಲ್ಲ, ಅಲ್ಲಿ ನೋಡಿಕೊಳ್ಳುವವರ ಮನೆ ಒಂದು, ಕೂಲಿಯವರ ಮನೆ ನಾಲ್ಕು. ಎಲ್ಲರ ಮನೆಗೂ ಹೊಗೆ ಹೊರಗೆ ಹೋಗುವಂಥ ಅಡುಗೆ ಒಲೆ, ಸ್ನಾನದ ನೀರಿಗೆ ಒಂದೊಂದು ಬಚ್ಚಲ ಒಲೆ ಹಾಕಿಸಬೇಕು ಅಂತಿದ್ದೇನೆ. ತೀರಿಕೊಂಡ ಅಮ್ಮೀಜಾನ್ ಹೆಸರಿನಲ್ಲಿ. ಸದಖಾ ಜಾರಿಯಾ ಆಗುತ್ತದೆ ತಾನೆ?"

"ಆಗದೆ ಏನು ಹಾಜಿ ಸಾಹೇಬರೇ, ಖಂಡಿತ ಆಗುತ್ತದೆ" ಎಂದುಬಿಟ್ಟೆ.

ಉತ್ತರ ಹೇಳಲು ನನಗೆ ಯೋಚಿಸಬೇಕಾಗಿಯೇ ಬರಲಿಲ್ಲ. ಮನುಷ್ಯ ಸತ್ತ ಮೇಲೆ ಅವನ ಕರ್ಮಗಳೆಲ್ಲ ನಿಂತುಹೋದರೂ ಮೂರು ಮಾತ್ರ ಮುಂದುವರಿಯುತ್ತವೆ, ಅವುಗಳಲ್ಲಿ ಹರಿಯುತ್ತಲೇ ಇರುವ ದಾನವೂ ಒಂದು ಎಂಬ ಹದೀಸನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ. ಸಅದ್ ಬಿನ್ ಉಬಾದ(ರ) ಅವರು ತಾಯಿಯ ಮರಣಾನಂತರ ಪ್ರವಾದಿವರ್ಯರನ್ನು(ಸ) ವಿಚಾರಿಸಿ, ಅವರ ಪರವಾಗಿ ತಮ್ಮ ತೋಟವನ್ನೇ ದಾನ ಮಾಡಿದ ಪ್ರಸಂಗವೂ ಗೊತ್ತಿತ್ತು. ಆದರೆ ಮನೆಗೆ ನಡೆದು ಬರುವಾಗ, ನನ್ನ ಖಾಲಾ ಅವರ ಅಡುಗೆಮನೆ ಕಣ್ಣ ಮುಂದೆ ಬಂದಿತು. ನಾಚಿಕೆಯಾಯಿತು.

ನಾನು ಕಟ್ಟಿಸಿದ ಒಲೆ

ನಮ್ಮ ಹಳ್ಳಿ ಕುಣಿಗಲ್ ಕಡೆಗೆ. ತಾಯಿಯ ತಂಗಿ, ಅಂದರೆ ನನ್ನ ಖಾಲಾ, ಅಲ್ಲಿಯೇ ಒಬ್ಬರೇ ಇದ್ದಾರೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಕೂಡಿಟ್ಟ ಹಣದಲ್ಲಿ ಅವರ ಅಡುಗೆಮನೆಗೆ ಮೂರು ಪಾತ್ರೆ ಇಡುವ ಹೊಗೆರಹಿತ ಒಲೆ ಕಟ್ಟಿಸಿದೆ. ಗಾರೆಯವನು ಎರಡು ದಿನದಲ್ಲಿ ಮುಗಿಸಿದ. ಸಿಮೆಂಟಿನ ಹೊಗೆಕೊಳವೆ ಸೂರಿನಿಂದ ಮೇಲಕ್ಕೆ ಹೋಯಿತು. ನಾನು ಅಲ್ಲಾಹನನ್ನು ಸ್ತುತಿಸಿ, ಬಸ್ಸು ಹತ್ತಿ ಬೆಂಗಳೂರಿಗೆ ಬಂದೆ.

ಆಮೇಲೆ ಈದ್‌ಗೆ ಹೋದೆ, ಮದುವೆಗೆ ಹೋದೆ. ಅಂಗಳದಲ್ಲಿ ಕೂತು ಚಹಾ ಕುಡಿದು ಬಂದೆ. ಅಡುಗೆಮನೆಯೊಳಗೆ ಕಾಲಿಟ್ಟಿದ್ದು ಮೂರು ವರ್ಷದ ಮೇಲೆ. ಆ ಒಲೆಯ ಮೇಲೆ ಡಬ್ಬಗಳನ್ನೂ ಬುಟ್ಟಿಗಳನ್ನೂ ಜೋಡಿಸಿದ್ದರು. ಕೊಳವೆ ನಡುವೆ ಸೀಳಿತ್ತು. ಖಾಲಾ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದರು.

"ಖಾಲಾ, ಇದು ಕೆಟ್ಟಿದ್ದನ್ನು ನನಗೇಕೆ ಹೇಳಲಿಲ್ಲ? ಉಪಯೋಗವಿಲ್ಲದ ಮೇಲೆ ಒಡೆದಾದರೂ ಹಾಕಬಹುದಿತ್ತಲ್ಲ, ಜಾಗವಾದರೂ ಸಿಗುತ್ತಿತ್ತು" ಎಂದೆ.

"ನೀನು ಕಟ್ಟಿಸಿದ್ದಲ್ವಾ ಬೇಟಾ, ಒಡೆಯೋಕೆ ಮನಸ್ಸು ಬರಲಿಲ್ಲ" ಎಂದರು.

ಓದುಗರೇ, ಆ ಮೂರು ವರ್ಷವೂ ನಾನು ಆ ಒಲೆಯನ್ನು ನನ್ನ ಸತ್ಕರ್ಮಗಳ ಲೆಕ್ಕದಲ್ಲಿ ಸೇರಿಸಿಕೊಂಡೇ ಇದ್ದೆ. ಅವರು ಮಳೆಯಲ್ಲಿ, ಹೊಗೆಯಲ್ಲಿ ಕೂತು ನನ್ನ ದಾನಕ್ಕೆ ಮರ್ಯಾದೆ ಕೊಡುತ್ತಿದ್ದರು!

ಒಲೆ ಕೆಡುವುದು ಹೇಗೆ?

ಹೊಗೆರಹಿತ ಒಲೆಯೆಂಬುದು ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಪಾತ್ರೆಗೆ ತಲುಪುತ್ತದೆ. ಮಿಕ್ಕಿದ್ದು ಗಾಳಿಗೆ ಹೋಗುತ್ತದೆ. ಸುಧಾರಿತ ಒಲೆಯಲ್ಲಿ ಕಟ್ಟಿಗೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಗಾಳಿ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಬಿಸಿಗಾಳಿ ಒಂದರ ನಂತರ ಒಂದು ಪಾತ್ರೆಯನ್ನು ಕಾಯಿಸಿ ಕೊಳವೆಯಲ್ಲಿ ಮೇಲೇರುತ್ತದೆ. ಬಚ್ಚಲ ಒಲೆಯಲ್ಲಿ ಅದೇ ಬಿಸಿಗಾಳಿ ಹಂಡೆಯ ಸುತ್ತ ಸುಳಿದು ಹೊರಬೀಳುತ್ತದೆ. ಕಾದ ಗಾಳಿ ಕೊಳವೆಯಲ್ಲಿ ಮೇಲೇರುವಾಗ ಹೊಸ ಗಾಳಿಯನ್ನು ತನ್ನ ಹಿಂದೆ ಎಳೆಯುವುದರಿಂದಲೇ ಬೆಂಕಿ ಉಸಿರಾಡುತ್ತದೆ. ಇಲ್ಲಿ ಪ್ರತಿಯೊಂದಕ್ಕೂ ಅಳತೆಯಿದೆ. ಒಲೆಯ ಬಾಯಿ ದೊಡ್ಡದಾದರೆ ಕಟ್ಟಿಗೆ ಹೆಚ್ಚು ಉರಿಯುತ್ತದೆ. ಪಾತ್ರೆ ತೂತಿಗೆ ಸರಿಯಾಗಿ ಕೂರದಿದ್ದರೆ ಸಂದಿನಿಂದ ಹೊಗೆ ಬರುತ್ತದೆ. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮನೆಯೊಳಕ್ಕೇ ತಿರುಗುತ್ತದೆ. ತಿಂಗಳಿಗೊಮ್ಮೆಯಾದರೂ ಮಸಿ ತೆಗೆಯದಿದ್ದರೆ, ಸೀಳು ಮುಚ್ಚದಿದ್ದರೆ, ಒಳ್ಳೆಯ ಒಲೆಯೂ ಕೆಲವೇ ಕಾಲದಲ್ಲಿ ಹಳೆಯ ಒಲೆಗಿಂತ ಕಷ್ಟದ್ದಾಗುತ್ತದೆ.

ಇದು ನನ್ನೊಬ್ಬನ ಅನುಭವವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವೇ ಅದರ ಕಾರ್ಯಕ್ಷೇತ್ರ. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆ ಸುತ್ತಿ, ಜನರು ಎಷ್ಟು ಕಟ್ಟಿಗೆ ಉರಿಸುತ್ತಾರೆ, ಅದನ್ನು ಯಾರು ಹೊತ್ತು ತರುತ್ತಾರೆ ಎಂದು ಆ ವಿಜ್ಞಾನಿಗಳು ಲೆಕ್ಕ ಹಾಕಿದರು. 1980ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಮೂರು ಪಾತ್ರೆಗಳ 'ಅಸ್ತ್ರ ಒಲೆ' ಕರ್ನಾಟಕದ ಹಳ್ಳಿಗಳಿಗೆಲ್ಲ ಹೋಯಿತು. ಅದೇ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ಲೆಕ್ಕಕ್ಕೆ ಸೇರಿದ್ದವು. ಆದರೆ ಲೆಕ್ಕಕ್ಕೆ ಸೇರಿದ ಒಲೆಗಳೆಲ್ಲ ಉರಿಯುತ್ತಿರಲಿಲ್ಲ. ಒರಿಸ್ಸಾದ ಹಳ್ಳಿಗಳಲ್ಲಿ ಇಂತಹ ಒಲೆಗಳನ್ನು ಪಡೆದ ಮನೆಗಳನ್ನು ನಾಲ್ಕು ವರ್ಷ ಗಮನಿಸಿದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ಅಡುಗೆ ಮಾಡುವ ಮಹಿಳೆಯರ ಒಡಲಿಗೆ ಹೋಗುವ ಹೊಗೆ ಕಡಿಮೆಯಾಗಿತ್ತು. ಆಮೇಲೆ ಆ ಲಾಭ ಅಳಿಸಿಹೋಯಿತು. ಅವರ ಶ್ವಾಸಕೋಶದ ಆರೋಗ್ಯವೂ ಸುಧಾರಿಸಲಿಲ್ಲ, ಕಟ್ಟಿಗೆಯೂ ಉಳಿಯಲಿಲ್ಲ. ಒಲೆಯ ಬಳಕೆ ಮತ್ತು ರಿಪೇರಿ ನಿಂತುಹೋದದ್ದೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು.

ಇದೇನು ಸಣ್ಣ ವಿಷಯವೆಂದು ತಿಳಿಯಬೇಡಿ. 2020ನೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮುಚ್ಚಿದ ಬಚ್ಚಲಲ್ಲಿ ಕೊಳವೆ ಕಟ್ಟಿಕೊಂಡರಂತೂ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ, ಸ್ನಾನಕ್ಕೆ ಹೋದವರು ಹೊರಗೆ ಬರದೇ ಹೋಗಬಹುದು. ಒಳಿತಿಗಾಗಿ ಕೊಟ್ಟ ವಸ್ತು ಹಾನಿಗೆ ತಿರುಗಿದರೆ ಅದಕ್ಕೆ ಉತ್ತರ ಹೇಳಬೇಕಾದವರು ಯಾರು? ಯಾರಿಗೂ ಹಾನಿ ಮಾಡಕೂಡದೆಂಬುದು ಪ್ರವಾದಿವರ್ಯರು(ಸ) ಹಾಕಿಕೊಟ್ಟ ಮೂಲನಿಯಮವಲ್ಲವೇ?

ಸಂಕಲ್ಪವೊಂದೇ ಸಾಕೇ?

ಇಲ್ಲಿ ನಿಮ್ಮಲ್ಲಿ ಕೆಲವರು ಆಕ್ಷೇಪಿಸಬಹುದು: "ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆಯಲ್ಲವೇ? ಒಳ್ಳೆಯ ಉದ್ದೇಶದಿಂದ ಒಲೆ ಕಟ್ಟಿಸಿದವನಿಗೆ, ಆ ಒಲೆ ಕೆಟ್ಟರೂ ಪ್ರತಿಫಲ ಸಿಗುತ್ತದೆ. ಫಲಿತಾಂಶ ಮನುಷ್ಯನ ಕೈಯಲ್ಲಿಲ್ಲ."

ಈ ಆಕ್ಷೇಪ ಹಗುರವಾದುದಲ್ಲ. ಬುಖಾರಿಯಲ್ಲಿ ಬಂದಿರುವ ಒಂದು ಪ್ರಸಂಗವನ್ನು ನೋಡಿ. ಒಬ್ಬಾತ ರಾತ್ರಿಯ ಕತ್ತಲಲ್ಲಿ ದಾನ ಕೊಟ್ಟು ಬಂದ. ಮರುದಿನ ನೋಡಿದರೆ ಅದು ಕಳ್ಳನ ಕೈ ಸೇರಿತ್ತು. ಮತ್ತೊಮ್ಮೆ ಕೊಟ್ಟ, ಮಾನಗೆಟ್ಟವಳೆಂದು ಜನರು ಹೇಳುವ ಹೆಂಗಸಿನ ಕೈ ಸೇರಿತು. ಮೂರನೆಯ ಸಲ ಶ್ರೀಮಂತನ ಕೈ ಸೇರಿತು. ಆದರೂ ಆತನ ಯಾವ ದಾನವೂ ವ್ಯರ್ಥವಾಗಲಿಲ್ಲವೆಂದು ಆತನಿಗೆ ತಿಳಿಸಲಾಯಿತು. ದಾನ ತಪ್ಪು ಕೈ ಸೇರಿದರೂ ಸಂಕಲ್ಪ ಶುದ್ಧವಾಗಿದ್ದರೆ ಅದು ಸ್ವೀಕೃತವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ನಾನೂ ಇದನ್ನೇ ಹಿಡಿದುಕೊಂಡು ಸಮಾಧಾನಪಡಲು ಯತ್ನಿಸಿದೆ. ಆದರೆ ಮನಸ್ಸು ಒಪ್ಪಲಿಲ್ಲ. ಏಕೆಂದರೆ ಆ ಮನುಷ್ಯನಿಗೆ ತಾನು ಯಾರಿಗೆ ಕೊಡುತ್ತಿದ್ದೇನೆಂಬುದು ಕೊಡುವಾಗ ಗೊತ್ತಿರಲಿಲ್ಲ. ಗೊತ್ತಾದಾಗಲೆಲ್ಲ ಆತ ಸುಮ್ಮನೆ ಕೂರಲೂ ಇಲ್ಲ, ಮತ್ತೆ ಕೊಡಲು ಹೊರಟ. ನನ್ನ ಸಂಗತಿ ಬೇರೆ. ನನಗೆ ಗೊತ್ತಿಲ್ಲದಿದ್ದುದು ನಿಜ. ಆದರೆ ಗೊತ್ತಿಲ್ಲದಿದ್ದುದು ನಾನು ಹತ್ತು ಹೆಜ್ಜೆ ಒಳಗೆ ಹೋಗಿ ನೋಡದಿದ್ದುದರಿಂದ. ತಿಳಿಯಬಹುದಾದುದನ್ನು ತಿಳಿಯದೆ ಉಳಿದವನು ಸಂಕಲ್ಪದ ಮರೆಯಲ್ಲಿ ನಿಲ್ಲಬಹುದೇ? ಸಂಕಲ್ಪವೆಂಬುದು ಕೊಡುವ ದಿನದ ಒಂದು ಭಾವನೆ ಮಾತ್ರವಾಗಿದ್ದರೆ ನಿಲ್ಲಬಹುದು. ಆದರೆ ಖಾಲಾ ಅವರ ಕಣ್ಣಿಗೆ ಹೊಗೆ ತಾಗಬಾರದೆಂಬುದೇ ನನ್ನ ಸಂಕಲ್ಪವಾಗಿದ್ದ ಪಕ್ಷದಲ್ಲಿ, ಹೊಗೆ ತಾಗುತ್ತಿದೆಯೇ ಎಂದು ಒಮ್ಮೆಯಾದರೂ ನೋಡುವಂತೆ ಅದೇ ನನ್ನನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಹಾಗಾದರೆ ನನ್ನ ನಿಜವಾದ ಸಂಕಲ್ಪ ಒಲೆ ಕಟ್ಟಿಸಿದವನೆನಿಸಿಕೊಳ್ಳುವುದಾಗಿತ್ತೇ? ಈ ಪ್ರಶ್ನೆಗೆ ಉತ್ತರ ಅಲ್ಲಾಹನಿಗೆ ಗೊತ್ತು; ನನಗೆ ಅದನ್ನು ಕೇಳಿಕೊಳ್ಳಲೂ ಭಯವಾಗುತ್ತದೆ.

ವಕ್ಫ್ ವಿಷಯದಲ್ಲಿ ನಮ್ಮ ಫಿಕ್ಹ್ ವಿದ್ವಾಂಸರು ಹೇಳಿರುವ ಒಂದು ನಿಯಮ ಆಗ ನೆನಪಿಗೆ ಬಂದಿತು. ಓದುವಾಗ ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆನೇ ಹೊರತು ಅರ್ಥ ಮಾಡಿಕೊಂಡಿರಲಿಲ್ಲ. ವಕ್ಫ್ ಆಸ್ತಿಯ ಆದಾಯವನ್ನು ಮೊಟ್ಟಮೊದಲು ಆ ಆಸ್ತಿಯ ದುರಸ್ತಿಗೆ ಖರ್ಚು ಮಾಡಬೇಕು. ಫಲಾನುಭವಿಗಳ ಪಾಲು ಆಮೇಲೆ. ವಕ್ಫ್ ಮಾಡಿದವನು ಹಾಗೆಂದು ಷರತ್ತು ಹಾಕಿರಲಿ, ಹಾಕದಿರಲಿ. ಇದು ಹನಫೀ ಗ್ರಂಥಗಳಲ್ಲಿ ಬಂದಿರುವ ಮಾತು. ಕಾರಣವೂ ಸರಳ. ಫಲ ನಿರಂತರವಾಗಿ ಹರಿಯಬೇಕೆಂಬುದೇ ಕೊಟ್ಟವನ ಉದ್ದೇಶ. ದುರಸ್ತಿಯಿಲ್ಲದೆ ಹರಿವು ಉಳಿಯದು. ಆದ್ದರಿಂದ ದುರಸ್ತಿ ದಾನದ ಹೊರಗಿನ ಖರ್ಚಲ್ಲ, ದಾನದ ಒಳಗಿನದೇ ಆಗಿದೆ. 'ಜಾರಿಯಾ' ಎಂದರೆ ಹರಿಯುವಂಥದು. ಮಸಿ ಕಟ್ಟಿದ ಕೊಳವೆಯಲ್ಲಿ ಹರಿಯುವುದಾದರೂ ಏನು?

ಕೇಳಿ ಕೊಡಿ

ಎರಡನೆಯ ಮಾತು. ನಾನು ಒಲೆ ಕಟ್ಟಿಸುವಾಗ ಗಾರೆಯವನನ್ನು ಕೇಳಿದೆ, ಊರಿನ ಗೆಳೆಯರನ್ನು ಕೇಳಿದೆ. ಖಾಲಾ ಅವರನ್ನು ಕೇಳಲಿಲ್ಲ. ಆಮೇಲೆ ತಿಳಿಯಿತು: ಒಬ್ಬರ ಅಡುಗೆಗೆ ಅವರಿಗೆ ಮೂರು ತೂತು ಬೇಕಾಗಿರಲಿಲ್ಲ. ಕಟ್ಟೆ ಎತ್ತರವಾದುದರಿಂದ ಮುದ್ದೆ ತಿರುವುವಾಗ ಪಾತ್ರೆಯನ್ನು ಅಲುಗದಂತೆ ಹಿಡಿಯಲು ಆಗುತ್ತಿರಲಿಲ್ಲ. ಅವರಿಗೆ ನಿಜವಾಗಿ ಬೇಕಾಗಿದ್ದುದು ಫಜ್ರ್ ಹೊತ್ತಿಗೆ ಬಿಸಿನೀರು. ಚಳಿಗಾಲದಲ್ಲಿ ತಣ್ಣೀರಿನಲ್ಲಿ ವುಝೂ ಮಾಡಿ ಅವರ ಕೈ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು.

ಹೆಚ್ಚು ಓದಿದವರೂ ಈ ಪಾಠವನ್ನು ಕಲಿಯಬೇಕಾಗಿ ಬಂದಿದೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಅಸ್ತ್ರದವರು ಸಗಣಿಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಎಲ್ಲ ಮನೆಗೂ ಅಡುಗೆ ಅನಿಲ ಕೊಡಬೇಕೆಂದಿದ್ದರು. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ, ಯೋಜನೆ ಕೈಗೂಡಲಿಲ್ಲ. ಆಗ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನೂ ದೀಪವನ್ನೂ ಮನೆಗಳಿಗೆ ಕೊಟ್ಟರು. 1987ರಿಂದ ಆ ಏರ್ಪಾಡು ವರ್ಷಗಟ್ಟಲೆ ನಡೆಯಿತು. ಸಗಣಿ ತಂದು ಹಾಕಿದವರಿಗೆ ಹಣ ಸಿಗುತ್ತಿತ್ತು, ಅನಿಲ ತೆಗೆದ ಮೇಲೆ ಗೊಬ್ಬರವೂ ಹಿಂತಿರುಗುತ್ತಿತ್ತು. ಸ್ಥಾವರವನ್ನು ನಡೆಸುತ್ತಿದ್ದವರು ಆ ಊರಿನ ಹುಡುಗರೇ. ಜನರಿಗೆ ಬೇಕಾದುದನ್ನು ಕೊಟ್ಟು, ನಡೆಸುವ ಕೈಗಳನ್ನೂ ಅಲ್ಲೇ ಸಿದ್ಧಪಡಿಸಿದಾಗ ಅದು ನಿಂತಿತು.

"ಈಗ ಗ್ಯಾಸ್ ಇದೆಯಲ್ಲ, ಒಲೆಯ ಮಾತೇಕೆ?" ಎಂದೂ ನೀವು ಕೇಳಬಹುದು. ಸರಿಯಾದ ಪ್ರಶ್ನೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡವರ ಮನೆಗಳಿಗೂ ಸಿಲಿಂಡರ್ ಬಂದಿದೆ. ಯಾವ ಕಟ್ಟಿಗೆ ಒಲೆಗಿಂತಲೂ ಗ್ಯಾಸ್ ಶುದ್ಧ. ಆದರೆ ಹಣ ಕೊಟ್ಟು ಸಿಲಿಂಡರ್ ತುಂಬಿಸಲಾಗದೆ, ತೆಂಗಿನ ಮಟ್ಟೆ, ಚಿಪ್ಪು, ಹಿಪ್ಪುನೇರಳೆ ಕಡ್ಡಿಯನ್ನೇ ಉರಿಸುವ ಮನೆಗಳು ಇನ್ನೂ ಇವೆ. ಗ್ಯಾಸ್ ಇದ್ದರೂ ಸ್ನಾನದ ನೀರನ್ನು ಸೌದೆಯಿಂದಲೇ ಕಾಯಿಸುವವರು ಇನ್ನೂ ಹೆಚ್ಚು. ಒಂದು ಮನೆಯವರಿಗೆ ಸಿಲಿಂಡರಿನ ಹಣವೇ ಬೇಕಾಗಿದ್ದರೆ ಅದನ್ನೇ ಕೊಡಿ. ಏನು ಬೇಕೆಂಬುದನ್ನು ಬೆಂಕಿಯ ಮುಂದೆ ಕೂರುವವರು ಹೇಳಲಿ.

ದಾನವೋ, ಹಕ್ಕೋ?

ಹಾಜಿ ಸಾಹೇಬರ ಪ್ರಶ್ನೆಯಲ್ಲಿ ಇನ್ನೊಂದು ತೊಡಕಿತ್ತು. ತೋಟದ ಮನೆಯವರೂ ಕೂಲಿಯವರೂ ಅವರ ಕೈಕೆಳಗಿನವರು. ಧಣಿ ಕಟ್ಟಿಸುವ ಒಲೆಯನ್ನು ಬೇಡವೆನ್ನಲು ಅವರಿಗೆ ಬಾಯಿ ಬರುವುದೇ? ಕೆಟ್ಟರೆ "ಕೆಟ್ಟಿದೆ" ಎನ್ನಲು ಧೈರ್ಯ ಬರುವುದೇ? ನನ್ನ ಖಾಲಾ ಅವರಿಗೇ ಅಕ್ಕನ ಮಗನೊಡನೆ ಹೇಳಲು ಬಾಯಿ ಬರಲಿಲ್ಲ.

ಅದಲ್ಲದೆ, ನಮ್ಮ ತೋಟದಲ್ಲಿ ದುಡಿದು ನಾವು ಕೊಟ್ಟ ಮನೆಯಲ್ಲಿ ವಾಸಿಸುವವರಿಗೆ ಉಸಿರುಗಟ್ಟದ ಅಡುಗೆಮನೆ ಕೊಡುವುದು ದಾನವೇ? ಕೈಕೆಳಗಿನವರ ಮೇಲೆ ತಾಳಲಾರದ ಹೊರೆ ಹೊರಿಸಕೂಡದು, ಹೊರಿಸಿದರೆ ತಾನೂ ಕೈಗೂಡಿಸಬೇಕು ಎಂದು ಪ್ರವಾದಿವರ್ಯರು(ಸ) ಅಬೂದರ್(ರ) ಅವರಿಗೆ ತಿಳಿಸಿದ್ದರು. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆ ನೂಲು ತೆಗೆಸುವ ರೀಲರ್‌ಗಳಲ್ಲಿ ನಮ್ಮ ಸಮುದಾಯದವರು ಬಹಳ ಮಂದಿ ಇದ್ದಾರೆ. ಗೂಡು ಬೇಯಿಸುವ ಒಲೆಯ ಹೊಗೆಯಲ್ಲಿ ದಿನವಿಡೀ ನಿಲ್ಲುವವರು ಬಹುತೇಕ ಕೂಲಿಗೆ ಬಂದ ಹೆಣ್ಣುಮಕ್ಕಳು. 1990ರ ದಶಕದಲ್ಲಿ ಟೇರಿ ಸಂಸ್ಥೆ ಕಟ್ಟಿಗೆಯನ್ನು ಅನಿಲವಾಗಿಸಿ ಉರಿಸುವ ಗ್ಯಾಸಿಫೈಯರ್ ಒಲೆಗಳನ್ನು ಈ ಕಸುಬಿಗಾಗಿ ರೂಪಿಸಿತ್ತು. ಅಂತಹ ಒಲೆಯನ್ನು ಹಾಕಿಸುವ ಮಾಲೀಕ ಉಳಿಯುವ ಸೌದೆಯ ಲೆಕ್ಕವನ್ನು ಮಾತ್ರ ನೋಡಿದರೆ ಸಾಲದು, ಹೊಗೆ ಕುಡಿಯುವವರ ಲೆಕ್ಕವನ್ನೂ ನೋಡಬೇಕು. ಅದು ಅವರಿಗೆ ಸಲ್ಲಬೇಕಾದ ಹಕ್ಕು. ಹಕ್ಕನ್ನು ಸಲ್ಲಿಸಿ ಅದಕ್ಕೆ ದಾನವೆಂದು ಹೆಸರಿಟ್ಟರೆ, ಒಂದೇ ನಾಣ್ಯದಿಂದ ಎರಡು ಸಾಲ ತೀರಿಸಿದಂತಾಗುತ್ತದೆ.

ಒಪ್ಪಿಸುವುದು

ಮುಂದಿನ ಶುಕ್ರವಾರ ಹಾಜಿ ಸಾಹೇಬರ ಬಳಿ ಹೋಗಿ, "ಅಂದು ನಾನು ಹೇಳಿದ ಉತ್ತರ ಅರ್ಧ" ಎಂದು ಎಲ್ಲವನ್ನೂ ತಿಳಿಸಿದೆ. ಖಾಲಾ ಅವರ ಕಥೆಯನ್ನೂ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೆ ಎಪ್ಪತ್ತಾರು ವರ್ಷ ಹಜ್ರತ್. ನಾನು ಹೋದ ಮೇಲೆ ಆ ಕೊಳವೆ ಗುಡಿಸುವವರು ಯಾರು? ಹೀಗೆ ನೋಡಿದರೆ ದಾನ ಕೊಡಲಿಕ್ಕೇ ಹೆದರಬೇಕಲ್ಲ!" ಎಂದರು.

ಅವರ ಮಾತು ನ್ಯಾಯವಾದುದು. ಕೊಟ್ಟವನ ಹೊಣೆ ಎಂದೆಂದಿಗೂ ಮುಗಿಯದೆಂದರೆ ಯಾರೂ ಕೊಡಲಾರರು. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೊರಿಸುವುದಿಲ್ಲ. ಹಾಗಾದರೆ ಹೊಣೆ ಎಲ್ಲಿಗೆ ಮುಗಿಯುತ್ತದೆ? ನನಗೆ ತೋರುವುದು ಇಷ್ಟು: ಅದು ಮುಗಿಯುವುದು ಕೊಟ್ಟಾಗ ಅಲ್ಲ, ಒಪ್ಪಿಸಿದಾಗ. ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಒಲೆಯನ್ನು ಒಪ್ಪಿಸುವುದೆಂದರೆ, ಅದನ್ನು ಉಪಯೋಗಿಸುವವರು ನಮ್ಮ ಹಂಗಿಲ್ಲದೆ ಅದನ್ನು ಉಳಿಸಿಕೊಳ್ಳುವಂತೆ ಮಾಡುವುದು. ಮಸಿ ತೆಗೆಯುವ ಬಗೆ ಅವರಿಗೆ ತಿಳಿದಿರಬೇಕು. ಒಡೆದುದನ್ನು ಕಟ್ಟುವ ಗಾರೆಯವನು ಅದೇ ಊರಿನಲ್ಲಿರಬೇಕು. ಅವನ ಕೂಲಿಗೆ ದಾರಿ ಇರಬೇಕು. ಬೇಡವೆನಿಸಿದರೆ ನಮ್ಮನ್ನು ಕೇಳದೆ ಒಡೆದುಹಾಕುವ ಅಧಿಕಾರವೂ ಅವರಿಗಿರಬೇಕು. ಇಷ್ಟಾದ ದಿನ ನಾವು ನಿಶ್ಚಿಂತರು. ಅಲ್ಲಿಯವರೆಗೆ ಒಲೆ ಅವರ ಮನೆಯಲ್ಲಿದ್ದರೂ ಹೊಣೆ ನಮ್ಮ ಕೊರಳಲ್ಲಿದೆ.

ಹಾಜಿ ಸಾಹೇಬರು ಐದು ಮನೆಗೆ ಒಮ್ಮೆಗೇ ಹಾಕಿಸುವ ಯೋಚನೆಯನ್ನು ಬಿಟ್ಟರು. ಮೊದಲು ಎರಡು ಮನೆ; ಉಳಿದ ಹಣ ಊರಿನ ಒಬ್ಬ ಹುಡುಗನಿಗೆ ಈ ಕೆಲಸ ಕಲಿಸಲು ಮತ್ತು ವರ್ಷವರ್ಷದ ದುರಸ್ತಿಗೆ. ಮನೆಯ ಹೆಂಗಸರನ್ನು ಕೇಳಿ ಬರಲು ತಮ್ಮ ಸೊಸೆಯನ್ನೇ ಕಳುಹಿಸಿದರು. ಇದನ್ನು ದಾನವೆನ್ನಬೇಕೋ ಹಕ್ಕೆನ್ನಬೇಕೋ ಎಂಬುದನ್ನು ಅಲ್ಲಾಹನಿಗೆ ಬಿಟ್ಟಿದ್ದೇನೆ ಎಂದರು.

ನಾನು ಕಳೆದ ರಮಝಾನ್ ರಜೆಯಲ್ಲಿ ಹಳ್ಳಿಗೆ ಹೋಗಿ, ಖಾಲಾ ಅವರ ಎದುರೇ ಆ ಹಳೆಯ ಒಲೆಯನ್ನು ಒಡೆಸಿದೆ. ಅವರು ಹೇಳಿದ ಎತ್ತರಕ್ಕೆ ಒಂದೇ ತೂತಿನ ಒಲೆ ಆಯಿತು, ಹಿತ್ತಲಿಗೆ ಒಂದು ಬಚ್ಚಲ ಒಲೆ ಆಯಿತು. ಪಕ್ಕದ ಮನೆಯ ಹುಡುಗ ಮಸಿ ತೆಗೆಯುವುದನ್ನು ಕಲಿತಿದ್ದಾನೆ. ಈಗ ಊರಿಗೆ ಹೋದರೆ ನಾನು ಅಂಗಳದಲ್ಲಿ ಕೂರುವುದಿಲ್ಲ, ನೇರ ಒಳಗೆ ಹೋಗುತ್ತೇನೆ.

ಪವಿತ್ರ ಕುರ್‌ಆನ್ ವಾಕಿಅಃ ಅಧ್ಯಾಯದಲ್ಲಿ ನಾವು ಹೊತ್ತಿಸುವ ಬೆಂಕಿಯತ್ತ ನಮ್ಮ ಗಮನ ಸೆಳೆದು, ಅದರ ಮರವನ್ನು ಸೃಷ್ಟಿಸಿದವರು ನೀವೋ ನಾವೋ ಎಂದು ಪ್ರಶ್ನಿಸುತ್ತದೆ. ಆ ಬೆಂಕಿಯನ್ನು ನೆನಪಿನ ಸಾಧನವೆಂದೂ ಅಗತ್ಯವುಳ್ಳವರ ಪ್ರಯೋಜನಕ್ಕಿರುವ ವಸ್ತುವೆಂದೂ ಕರೆಯುತ್ತದೆ. ಓದುಗರೇ, ನೀವು ಯಾರ ಮನೆಗಾದರೂ ಒಲೆಯನ್ನೋ, ಬೋರ್‌ವೆಲ್ಲನ್ನೋ, ಹೊಲಿಗೆ ಯಂತ್ರವನ್ನೋ ಕೊಟ್ಟು ಬಂದಿದ್ದರೆ, ಈ ವಾರ ಬಿಡುವು ಮಾಡಿಕೊಂಡು ಒಮ್ಮೆ ಅಲ್ಲಿಗೆ ಹೋಗಿ. ಅಂಗಳದಿಂದಲೇ ಹಿಂತಿರುಗಬೇಡಿ. ನಾವು ಕೊಟ್ಟುದನ್ನು ಕೊನೆಯವರೆಗೆ ತಲುಪಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.